ವಿನೋದದಲ್ಲಿ ಸಹಭಾವ

ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಒಂದು ಪ್ರಾರ್ಥನೆಯ ಪ್ರಸಂಗವುಂಟು. ಇಂದ್ರನೇ ಮೊದಲಾದ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ತಮಗೊಂದು ಆಟದ ವಸ್ತು ಬೇಕೆಂದೂ, ಅದು ಕಣ್ಣಿಗೆ ಕಾಣುವಂಥದೂ ಕಿವಿಗೆ ಕೇಳುವಂಥದೂ ಆಗಿರಬೇಕೆಂದೂ, ಎಲ್ಲ ವರ್ಣದವರಿಗೂ ಸಲ್ಲುವಂಥದಾಗಬೇಕೆಂದೂ ಬೇಡಿಕೊಳ್ಳುತ್ತಾರೆ. ಆ ವಸ್ತುವಿಗೆ ಅಲ್ಲಿರುವ ಹೆಸರು ‘ಕ್ರೀಡನೀಯಕ’ ಎಂದು. ನಾಟ್ಯವೆಂಬ ಮಹಾವಿದ್ಯೆಯ ಹುಟ್ಟನ್ನು ಹೇಳಹೊರಟ ಶಾಸ್ತ್ರವು ಅದನ್ನು ಮೊದಲು ಆಟಿಕೆಯೆಂದೇ ಕರೆದುದು ಗಮನಿಸತಕ್ಕ ಸಂಗತಿ. ವಿನೋದವು ಅಲ್ಪ ವಿಷಯವೆಂದು ಪೂರ್ವಿಕರು ಎಣಿಸಲಿಲ್ಲ. ಆ ಪ್ರಾರ್ಥನೆಯಲ್ಲಿ ಎರಡು ನಿಬಂಧನೆಗಳಿವೆ. ವಿನೋದವು ಇಂದ್ರಿಯಗಳಿಗೆ ಹಿತವಾಗಿರಬೇಕೆಂಬುದು ಒಂದು. ಎಲ್ಲರಿಗೂ ಸಾಧಾರಣವಾಗಿರಬೇಕೆಂಬುದು ಮತ್ತೊಂದು. ಮೊದಲನೆಯದನ್ನು ಈಚಿನ ಯಂತ್ರವಿದ್ಯೆಯು ಊಹೆಗೂ ಮೀರಿ ಪೂರೈಸಿದೆ. ಎರಡನೆಯದರ ಗತಿ ಏನಾಯಿತೆಂಬುದೇ ಪ್ರಕೃತ ವಿಚಾರ.

ಚಿಕ್ಕಬಳ್ಳಾಪುರದ ಸೀಮೆಯಲ್ಲಿರುವವರಿಗೆ ಈ ಎರಡನೆಯ ನಿಬಂಧನೆಯ ಅರ್ಥವನ್ನು ತಿಳಿಯಲು ಗ್ರಂಥಾವಲೋಕನ ಬೇಕಾಗಿಲ್ಲ. ನಂದಿ ಗ್ರಾಮದ ಭೋಗನಂದೀಶ್ವರನ ಸನ್ನಿಧಿಯಲ್ಲಿ ಶಿವರಾತ್ರಿಯ ಸಮಯಕ್ಕೆ ನಡೆಯುವ ರಥೋತ್ಸವ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಜಾತ್ರೆ, ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಯ ಸಂಗೀತೋತ್ಸವ, ಇವುಗಳಲ್ಲಿ ಒಂದನ್ನಾದರೂ ಕಂಡವರಿಗೆ ಅದು ಅನುಭವಸಿದ್ಧವಾಗಿದೆ. ತೇರಿನ ಹಗ್ಗಕ್ಕೆ ಕೈಹಾಕಿದವರಲ್ಲಿ ದ್ರಾಕ್ಷಿಯ ತೋಟದ ಒಡೆಯನು ಯಾರು, ಆ ತೋಟದ ಕೂಲಿಯವನು ಯಾರು ಎಂದು ಹಗ್ಗವು ಕೇಳುವುದಿಲ್ಲ. ಎಲ್ಲ ಕಾಲದಲ್ಲಿಯೂ ಎಲ್ಲ ಕುಲದವರಿಗೂ ಆ ಹಗ್ಗವು ದೊರೆಯುತ್ತಿದ್ದಿತೆಂದು ಹೇಳಿದರೆ ಅಸತ್ಯವಾದೀತು. ಆದರೆ ದೊರೆಯದಿದ್ದುದು ಅನ್ಯಾಯವೆಂದು ಇಂದು ವಿವೇಕಿಗಳೆಲ್ಲರೂ ಒಪ್ಪುತ್ತಾರಷ್ಟೆ. ಆ ಒಪ್ಪಿಗೆಯೇ, ಉತ್ಸವವು ಎಲ್ಲರಿಗೂ ಸೇರಿದುದಾಗಬೇಕೆಂಬ ಧರ್ಮಕ್ಕೆ ಸಾಕ್ಷಿ.

ಜಾತ್ರೆಯ ಬಯಲಿನಲ್ಲಿ ತಿರುಗುವ ತೊಟ್ಟಿಲು, ಮರದ ಕುದುರೆ, ಬಯೋಸ್ಕೋಪಿನ ಪೆಟ್ಟಿಗೆ ಇವೆಲ್ಲ ಇದ್ದುವು. ಕೆಲವು ಇಂದಿಗೂ ಇವೆ. ಇಂತಹ ಆಟಗಳನ್ನು ವಿಶಾಲವಾದ ಒಂದು ಆವರಣದಲ್ಲಿ ನಿತ್ಯವೂ ನಡೆಯುವಂತೆ ಏರ್ಪಡಿಸಿ, ಒಂದು ಕಥೆಯ ಅಥವಾ ಕಲ್ಪನೆಯ ಸೂತ್ರದಲ್ಲಿ ಪೋಣಿಸಿದರೆ ಥೀಮ್ ಪಾರ್ಕ್ ಎಂದು ಜನರು ಕರೆಯುವ ವಿನೋದೋದ್ಯಾನವಾಗುತ್ತದೆ. ಇದು ಕೇವಲ ಪಾಶ್ಚಾತ್ಯರ ಬುದ್ಧಿಯೆಂದು ತಿಳಿಯಬೇಕಾದುದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದ ಭೋಜರಾಜನ ಹೆಸರಿನಲ್ಲಿ ಪ್ರಸಿದ್ಧವಾದ ಸಮರಾಂಗಣಸೂತ್ರಧಾರವೆಂಬ ವಾಸ್ತುಗ್ರಂಥದಲ್ಲಿ ಯಂತ್ರವಿಧಾನಕ್ಕೆಂದೇ ಒಂದು ಅಧ್ಯಾಯವಿದ್ದು, ಅದರಲ್ಲಿ ನೀರನ್ನು ಚಿಮ್ಮಿಸುವ ಧಾರಾಗೃಹಗಳೂ, ಜನರನ್ನು ಕೂರಿಸಿ ತಿರುಗಿಸುವ ಡೋಲಾಯಂತ್ರಗಳೂ, ತಾವಾಗಿಯೇ ಚಲಿಸುವ ಬೊಂಬೆಗಳೂ ವರ್ಣಿತವಾಗಿವೆ. ಆದರೆ ಅವು ಅರಸರ ಅರಮನೆಯ ತೋಟಗಳಿಗೆ ಮೀಸಲಾಗಿದ್ದುವು. 1955ನೆಯ ಇಸವಿ ಜುಲೈ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ್ಯದಲ್ಲಿ ವಾಲ್ಟ್ ಡಿಸ್ನಿಯು ತೆರೆದ ಡಿಸ್ನಿಲ್ಯಾಂಡು ಅಂತಹ ತೋಟವನ್ನು ಟಿಕೆಟು ಕೊಂಡ ಎಲ್ಲರಿಗೂ ತೆರೆದಿಟ್ಟಿತು. ಕನ್ನಡನಾಡಿನಲ್ಲಿ ಬೆಂಗಳೂರು–ಮೈಸೂರು ರಸ್ತೆಯಲ್ಲಿ, ಬಿಡದಿಯ ಬಳಿ, 2005ರಲ್ಲಿ ಸುಮಾರು 82 ಎಕರೆಗಳ ವಿಸ್ತಾರದಲ್ಲಿ ತೆರೆದ ವಂಡರ್‌ಲಾ ಅದೇ ಜಾತಿಯದು. ಚಿಂತಾಮಣಿ, ಶಿಡ್ಲಘಟ್ಟಗಳ ಶಾಲಾಬಾಲಕರ ಪ್ರವಾಸದ ಬಸ್ಸುಗಳು ಬೆಂಗಳೂರನ್ನು ದಾಟಿ ಬಿಡದಿಯ ಕಡೆಗೆ ಹೋಗುವುದು ಈಗ ಅಪರೂಪವೇನೂ ಅಲ್ಲ.

ಇಂತಹ ಉದ್ಯಾನಗಳಲ್ಲಿ ಡಿಜಿಟಲ್ ವಿದ್ಯೆಯು ತಂದಿರುವ ಪರಿವರ್ತನೆಗಳು ಹಲವು. ಅವುಗಳಲ್ಲಿ ಎರಡನ್ನು ಇಲ್ಲಿ ವಿವರಿಸಿದರೆ ಸಾಕು. ಮೊದಲನೆಯದು ಕಣ್ಣಿಗೆ ಕಟ್ಟುವ ವರ್ಚುವಲ್ ರಿಯಾಲಿಟಿ ಕನ್ನಡಕ. ಅದರಲ್ಲಿ ಎರಡು ಕಣ್ಣುಗಳಿಗೂ ತುಸು ಭೇದವುಳ್ಳ ಎರಡು ಚಿತ್ರಗಳು ಬೇರೆಬೇರೆಯಾಗಿ ತೋರುವುದರಿಂದ ನೋಡುವವನಿಗೆ ಆಳವೂ ದೂರವೂ ಭಾಸವಾಗುತ್ತವೆ. ತಲೆಯನ್ನು ತಿರುಗಿಸಿದ ಕಡೆಗೆ ಚಿತ್ರವೂ ತಿರುಗುವುದರಿಂದ ತಾನು ಆ ಲೋಕದ ಒಳಗೇ ಇರುವೆನೆಂಬ ಪ್ರತೀತಿಯುಂಟಾಗುತ್ತದೆ. ಎರಡನೆಯದು ಕೈಪಟ್ಟಿ. ಅದರೊಳಗೆ ಅಕ್ಕಿಯ ಕಾಳಿನಷ್ಟು ಸಣ್ಣ ಚಿಪ್ಪೂ ಸುರುಳಿಯಾದ ತಂತಿಯೂ ಇರುತ್ತವೆ. ಬಾಗಿಲಿನಲ್ಲಿಟ್ಟ ಯಂತ್ರದ ರೇಡಿಯೋ ಅಲೆಗಳಿಂದಲೇ ಶಕ್ತಿಯನ್ನು ಪಡೆದು ಆ ಚಿಪ್ಪು ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಆ ಸಂಖ್ಯೆಯ ಮುಂದೆ ಕಂಪ್ಯೂಟರಿನ ಲೆಕ್ಕದಲ್ಲಿ ಬಂದವನ ಹೆಸರು, ಅವನು ಕೊಟ್ಟ ಹಣ, ಅವನಿಗೆ ಸಲ್ಲುವ ಸೌಕರ್ಯ ಇವೆಲ್ಲ ಬರೆದಿರುತ್ತವೆ. ಫ್ಲೋರಿಡಾದಲ್ಲಿರುವ ಡಿಸ್ನಿಯ ಉದ್ಯಾನಗಳಲ್ಲಿ 2013ರಿಂದ ಇಂತಹ ಪಟ್ಟಿಯು ಬಳಕೆಗೆ ಬಂದಿತು. ಟಿಕೆಟು, ಕೊಠಡಿಯ ಬೀಗದ ಕೈ, ಹಣದ ಚೀಲ ಈ ಮೂರರ ಕೆಲಸವನ್ನೂ ಅದೊಂದೇ ಮಾಡತೊಡಗಿತು. ಜಪಾನಿನ ಒಸಾಕಾದಲ್ಲಿ 2021ರ ಮಾರ್ಚಿಯಲ್ಲಿ ತೆರೆದ ಸೂಪರ್ ನಿಂಟೆಂಡೊ ವರ್ಲ್ಡ್ ಎಂಬ ಉದ್ಯಾನದಲ್ಲಿ, ಕೈಪಟ್ಟಿ ಕಟ್ಟಿಕೊಂಡ ಮಗುವು ಪೆಟ್ಟಿಗೆಯೊಂದನ್ನು ತಟ್ಟಿದರೆ ಅದರ ಹೆಸರಿಗೆ ಒಂದು ಕಲ್ಪಿತ ನಾಣ್ಯವು ಜಮೆಯಾಗುತ್ತದೆ. ಪಟ್ಟಿಯನ್ನು ಬೇರೆಯಾಗಿ ಕೊಳ್ಳದ ಮಗುವು ತಟ್ಟಿದರೆ ನಾಣ್ಯವೇನೂ ಸೇರುವುದಿಲ್ಲ. ಕೈಪಟ್ಟಿಯಿಲ್ಲದ ಕಡೆಗಳಲ್ಲಿ ಮೊಬೈಲ್ ಫೋನೇ ಇದೇ ಕೆಲಸವನ್ನು ಮಾಡುತ್ತದೆ.

ಈ ವಿದ್ಯೆಯನ್ನು ಸಮರ್ಥಿಸುವವರ ಪಕ್ಷವನ್ನು ಮೊದಲು ನ್ಯಾಯವಾಗಿ ಮುಂದಿಡತಕ್ಕದ್ದು. ಅವರು ಹೇಳುವುದೇನೆಂದರೆ: ಜನರ ರುಚಿಯು ಭಿನ್ನ, ಒಬ್ಬನಿಗೆ ಭಯವು ಪ್ರಿಯ, ಇನ್ನೊಬ್ಬನಿಗೆ ಸೌಮ್ಯವು ಪ್ರಿಯ. ಎಲ್ಲರಿಗೂ ಒಂದೇ ಆಟವನ್ನು ಬಡಿಸುವ ಬದಲು ಒಬ್ಬೊಬ್ಬರಿಗೂ ಅವರವರ ರುಚಿಗೆ ತಕ್ಕುದನ್ನು ಬಡಿಸುವ ಯಂತ್ರವು ಉತ್ತಮವಾದ ಆತಿಥೇಯನಲ್ಲವೆ? ಜನಸಂದಣಿಯಲ್ಲಿ ತಪ್ಪಿಹೋದ ಮಗುವನ್ನು ಹುಡುಕುವುದು ಕೈಪಟ್ಟಿಯಿಂದ ಸುಲಭವಾದೀತು. ಬಿಸಿಲಿನಲ್ಲಿ ಎರಡು ಗಂಟೆ ನಿಲ್ಲುವ ಬದಲು ಫೋನಿನಲ್ಲಿ ಸರದಿಯನ್ನು ಕಾದಿರಿಸಿ, ಅಷ್ಟು ಹೊತ್ತು ಮರದ ನೆರಳಿನಲ್ಲಿ ಊಟಮಾಡಬಹುದು. ಸಾಲಿನಲ್ಲಿ ನಿಲ್ಲಲಾರದ ಅಂಗವಿಕಲರಿಗೂ, ಗದ್ದಲವನ್ನು ಸಹಿಸಲಾರದ ಮಕ್ಕಳಿಗೂ ಇದು ದೊಡ್ಡ ಉಪಕಾರ. ಇನ್ನು ಹಣದ ಮಾತಾದರೆ, ಹೆಚ್ಚು ಕೊಟ್ಟವನಿಗೆ ಹೆಚ್ಚು ಸೌಕರ್ಯವೆಂಬುದು ಲೋಕರೂಢಿ. ರೈಲಿನಲ್ಲಿ ಮೊದಲನೆಯ ತರಗತಿ ಇಲ್ಲವೆ? ತಿರುಮಲೆಯಲ್ಲಿ 300 ರೂಪಾಯಿಗಳ ವಿಶೇಷ ಪ್ರವೇಶದರ್ಶನವಿಲ್ಲವೆ? ದೇವರ ಮುಂದೆಯೇ ಸಲ್ಲುವುದು ತೊಟ್ಟಿಲಿನ ಮುಂದೆ ಏಕೆ ಸಲ್ಲಬಾರದು?

ಈ ವಾದದಲ್ಲಿ ಸತ್ಯಾಂಶವು ಬಹಳವಿದೆ. ಅದನ್ನು ಅಲ್ಲಗಳೆಯುವುದು ಹಳೆಯದೆಲ್ಲವೂ ಒಳ್ಳೆಯದೆಂಬ ಜಾಡ್ಯವಾದೀತು. ಆದರೂ ಎರಡು ಅಂಶಗಳು ಅದರಲ್ಲಿ ಮರೆಯಾಗಿವೆ: ಕನ್ನಡಕವು ಮರೆಮಾಡುವುದು ಏನನ್ನು ಎಂಬುದೊಂದು, ಸರದಿಯನ್ನು ಮಾರುವವನು ಯಾರ ವಸ್ತುವನ್ನು ಮಾರುತ್ತಾನೆ ಎಂಬುದೊಂದು.

ಮೊದಲನೆಯದಕ್ಕೆ ಬಯೋಸ್ಕೋಪಿನ ಪೆಟ್ಟಿಗೆಯೇ ಉತ್ತಮ ದೃಷ್ಟಾಂತ. ಆ ಪೆಟ್ಟಿಗೆಯಲ್ಲಿಯೂ ಮಗುವು ಒಂದು ಕಂಡಿಗೆ ಕಣ್ಣಿಟ್ಟು, ಲೋಕವನ್ನು ಮರೆತು, ಒಳಗಿನ ಚಿತ್ರವನ್ನೇ ನೋಡುತ್ತಿದ್ದಿತು. ಆದುದರಿಂದ ಕಣ್ಣಿಗೆ ಮರೆಕಟ್ಟಿ ಚಿತ್ರವನ್ನು ತೋರುವುದೇ ದೋಷವೆಂದು ಹೇಳುವಂತಿಲ್ಲ. ಆದರೆ ಪೆಟ್ಟಿಗೆಯವನ ಹಾಡು ಎಲ್ಲರಿಗೂ ಕೇಳಿಸುತ್ತಿದ್ದಿತು, ಪಕ್ಕದ ಕಂಡಿಯಲ್ಲಿ ತಂಗಿಯೂ ಅದೇ ಆನೆಯನ್ನು ಅದೇ ಕ್ಷಣದಲ್ಲಿ ಕಾಣುತ್ತಿದ್ದಳು, ಹಿಂದೆ ನಿಂತ ಹುಡುಗನು ತುದಿಗಾಲಿನಲ್ಲಿ ನಿಂತು “ಏನು ಕಾಣುತ್ತದೋ?” ಎಂದು ಕೇಳುತ್ತಿದ್ದನು. ನೋಟವು ಒಬ್ಬನದಾದರೂ ವಿಸ್ಮಯವು ಗುಂಪಿನದಾಗಿದ್ದಿತು. ಅಲಂಕಾರಶಾಸ್ತ್ರದಲ್ಲಿ ಭಟ್ಟನಾಯಕನು ಸಾಧಾರಣೀಕರಣವೆಂದು ಹೇಳಿದುದೂ, ಅಭಿನವಗುಪ್ತನು ಅದನ್ನು ಬೆಳಸಿದುದೂ ಇಂತಹ ಅನುಭವದ ಸೂಕ್ಷ್ಮವಾದ ರೂಪವನ್ನೇ ಕುರಿತು. ರಂಗದ ಮೇಲಿನ ದುಃಖವು ‘ನನ್ನದು’, ‘ಅವನದು’ ಎಂಬ ಗೆರೆಯನ್ನು ದಾಟಿ ಸಭೆಯೆಲ್ಲದರ ಹೃದಯದಲ್ಲಿ ಒಂದೇ ಆಗಿ ತೋರಿದಾಗ ರಸವು ಪುಷ್ಟವಾಗುತ್ತದೆಂಬುದು ಅವರ ಮತ. ಏಕಾಂತದಲ್ಲಿ ಕಾವ್ಯವನ್ನೋದುವವನಿಗೂ ರಸಾನುಭವವುಂಟು, ಸಂದೇಹವಿಲ್ಲ. ಆದರೆ ತಾಯಿ ತಂದೆ ಮಕ್ಕಳು ಜೊತೆಯಾಗಿ ಹೊರಟುದು ಜೊತೆಯ ಸಂತೋಷಕ್ಕಾಗಿ. ಅಲ್ಲಿಗೆ ಹೋಗಿ ಒಬ್ಬೊಬ್ಬರೂ ಒಂದೊಂದು ಕನ್ನಡಕದೊಳಗೆ ಮುಳುಗಿದರೆ, ಅವರು ಹೊರಟುದು ಯಾವುದಕ್ಕೆ, ಪಡೆದುದು ಯಾವುದನ್ನು ಎಂದು ಕೇಳಬೇಕಾಗುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಟನನ್ನು ರಾಮನೆಂದು ತಿಳಿಯುವ ಪ್ರೇಕ್ಷಕನ ಜ್ಞಾನವು ನಿಜವೂ ಅಲ್ಲ, ಭ್ರಮೆಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಜ್ಞಾನವೂ ಅಲ್ಲ, ಚಿತ್ರದಲ್ಲಿ ಬರೆದ ಕುದುರೆಯನ್ನು ಕುದುರೆಯೆಂದು ಗ್ರಹಿಸುವಂತಹದು ಎಂದು ಶಂಕುಕನು ಹೇಳಿದನು. ಇದಕ್ಕೆ ಚಿತ್ರತುರಗನ್ಯಾಯವೆಂದು ಹೆಸರು. ಚಿತ್ರದ ಕುದುರೆಯನ್ನು ನೋಡುವವನು ಗೋಡೆಯನ್ನೂ ಬಲ್ಲನು. ಪಕ್ಕದಲ್ಲಿ ನಿಂತವನನ್ನೂ ಬಲ್ಲನು. ಹೊಸ ಕನ್ನಡಕದ ಉದ್ದೇಶವಾದರೋ ಗೋಡೆಯನ್ನೇ ಮರೆಸುವುದು. ಆದರೆ ಶರೀರವು ಅಷ್ಟು ಸುಲಭವಾಗಿ ಮೋಸಹೋಗುವುದಿಲ್ಲ. ಒಳಗಿವಿಯಲ್ಲಿರುವ ನಾಳಗಳು ತಲೆಯ ಚಲನೆಯನ್ನು ಅಳೆದು ಮಿದುಳಿಗೆ ತಿಳಿಸುತ್ತಿರುತ್ತವೆ. ಕಣ್ಣು ಹೇಳುವುದಕ್ಕೂ ಕಿವಿ ಹೇಳುವುದಕ್ಕೂ ಹೊಂದಿಕೆ ತಪ್ಪಿದರೆ ತಲೆಸುತ್ತೂ ಓಕರಿಕೆಯೂ ತಲೆದೋರುತ್ತವೆ. ತಲೆ ತಿರುಗಿದುದಕ್ಕೂ ಚಿತ್ರ ತಿರುಗುವುದಕ್ಕೂ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ವಿಳಂಬವಾಗಬಾರದೆಂದು ಈ ವಿದ್ಯೆಯವರು ಶ್ರಮಿಸುವುದು ಇದಕ್ಕಾಗಿಯೇ. ಜರ್ಮನಿಯ ಯುರೋಪಾ ಪಾರ್ಕಿನಲ್ಲಿ 2015ರಲ್ಲಿಯೂ, ಇಂಗ್ಲೆಂಡಿನ ಆಲ್ಟನ್ ಟವರ್ಸಿನಲ್ಲಿ 2016ರಲ್ಲಿಯೂ ಓಡುವ ರೋಲರ್ ಕೋಸ್ಟರಿನಲ್ಲಿ ಕುಳಿತವರಿಗೆ ಇಂತಹ ಕನ್ನಡಕಗಳನ್ನು ಕೊಡುವ ಪದ್ಧತಿಯನ್ನು ಆರಂಭಿಸಿದರು. ಆಲ್ಟನ್ ಟವರ್ಸಿನಲ್ಲಿ ಕೆಲವೇ ವರ್ಷಗಳಲ್ಲಿ ಕನ್ನಡಕವನ್ನು ಬಿಟ್ಟು ಹಳೆಯ ರೀತಿಯಲ್ಲಿಯೇ ಬಂಡಿಯನ್ನು ಓಡಿಸತೊಡಗಿದರು. ಇಂತಹ ಸವಾರಿಗಳಲ್ಲಿ ಒಬ್ಬೊಬ್ಬರಿಗೂ ಕನ್ನಡಕವನ್ನು ತೊಡಿಸಿ, ಸರಿಪಡಿಸಿ, ಒರೆಸಿ ಮತ್ತೊಬ್ಬರಿಗೆ ಕೊಡುವಷ್ಟರಲ್ಲಿ ಸಾಲು ಬೆಳೆಯುವುದು ಸಹಜ. ಗಾಳಿಗೆ ಮುಖವೊಡ್ಡಿ, ಪಕ್ಕದವನೊಡನೆ ಕಿರಿಚಿ, ಕೆಳಗಿಳಿದು ಒಬ್ಬರ ಮುಖವನ್ನೊಬ್ಬರು ನೋಡಿ ನಗುವ ಸುಖವನ್ನು ಮರೆಮಾಡಿ ಕೊಡುವುದು ಅದಕ್ಕಿಂತ ಹೆಚ್ಚಿನದಾಗಿರಲೇಬೇಕು. ಎಲ್ಲ ಕಡೆಯಲ್ಲಿಯೂ ಅದು ಹಾಗಾಗಲಿಲ್ಲ.

ಹಾಗಾದರೆ ಡಿಜಿಟಲ್ ವಿದ್ಯೆಯೇ ಸಹಭಾವಕ್ಕೆ ಶತ್ರುವೆ? ಅಲ್ಲವೆಂಬುದಕ್ಕೆ ಪ್ರಮಾಣವು ಈ ಜಿಲ್ಲೆಯಲ್ಲಿಯೇ ಇದೆ. ಚಿಕ್ಕಬಳ್ಳಾಪುರದ ಬಳಿಯ ಆವಲಗುರ್ಕಿಯಲ್ಲಿ 112 ಅಡಿಗಳ ಎತ್ತರದ ಆದಿಯೋಗಿಯ ವಿಗ್ರಹವು 2023ರ ಜನವರಿ 15ರಂದು ಅನಾವರಣಗೊಂಡಿತು. ಅದು ವಿನೋದೋದ್ಯಾನವಲ್ಲ, ಧಾರ್ಮಿಕ ಕೇಂದ್ರ. ಆದರೆ ಅಲ್ಲಿ ಸಂಜೆ ವಿಗ್ರಹದ ಮೇಲೆಯೇ ಬೆಳಕಿನ ಚಿತ್ರಗಳನ್ನು ಬೀರಿ, ಧ್ವನಿಯೊಡನೆ ತೋರಿಸುವ ಪ್ರದರ್ಶನವು ಉದ್ಯಾನಗಳಲ್ಲಿ ಬಳಸುವ ವಿದ್ಯೆಯಿಂದಲೇ ಆದುದು. ವಿಗ್ರಹದ ಉಬ್ಬುತಗ್ಗುಗಳನ್ನು ಮೊದಲೇ ಅಳೆದು, ಚಿತ್ರವು ಅವುಗಳಿಗೆ ಸರಿಯಾಗಿ ಕೂಡುವಂತೆ ಕಂಪ್ಯೂಟರಿನಲ್ಲಿ ಹವಣಿಸುವುದು ಈ ಕಲೆಯ ಮರ್ಮ. ಅದನ್ನು ನೋಡಲು ಯಾರೂ ಕಣ್ಣಿಗೆ ಏನನ್ನೂ ಕಟ್ಟಿಕೊಳ್ಳಬೇಕಾಗಿಲ್ಲ. ಬಯಲಿನಲ್ಲಿ ಕುಳಿತ ಅಜ್ಜಿಯೂ ಮೊಮ್ಮಗಳೂ ಒಂದೇ ಬೆಳಕನ್ನು ಕಾಣುತ್ತಾರೆ. ಮೊಮ್ಮಗಳು ಬೆರಳು ಮಾಡಿ ತೋರಿಸಿದರೆ ಅಜ್ಜಿಗೂ ಅಲ್ಲಿ ಅದೇ ಇರುತ್ತದೆ. ಆ ಕೇಂದ್ರದ ವಿಷಯದಲ್ಲಿ ಯಾರ ಅಭಿಪ್ರಾಯವು ಏನಾದರೂ ಇರಲಿ, ಒಂದು ಮಾತು ಇದರಿಂದ ಸಿದ್ಧವಾಗುತ್ತದೆ: ಅದೇ ಕಂಪ್ಯೂಟರು, ಅದೇ ಬೆಳಕು; ಒಂದು ರೀತಿಯಲ್ಲಿ ಬಳಸಿದರೆ ಜನರನ್ನು ಒಬ್ಬರಿಗೊಬ್ಬರು ಕಾಣದಂತೆ ಮಾಡುತ್ತದೆ; ಇನ್ನೊಂದು ರೀತಿಯಲ್ಲಿ ಬಳಸಿದರೆ ಸಾವಿರ ಜನರಿಗೆ ಒಂದೇ ಕಣ್ಣನ್ನು ಕೊಡುತ್ತದೆ. ಗುಣದೋಷಗಳು ಬಳಸುವ ಸಂಕಲ್ಪಕ್ಕೆ ಸೇರಿದುವು.

ಇನ್ನು ಸರದಿಯ ವಿಚಾರ. ಮೇಲ್ನೋಟಕ್ಕೆ ಇದು ಅಲ್ಪವಾಗಿ ತೋರಿದರೂ ಧರ್ಮಸೂಕ್ಷ್ಮವಿರುವುದು ಇಲ್ಲಿಯೇ. ಫ್ಲೋರಿಡಾದ ಡಿಸ್ನಿ ಉದ್ಯಾನಗಳಲ್ಲಿ 1999ರಲ್ಲಿ ಫಾಸ್ಟ್‌ಪಾಸ್ ಎಂಬ ಚೀಟಿಯನ್ನು ಜಾರಿಗೆ ತಂದರು. ಅದಕ್ಕೆ ಬೇರೆ ಹಣವಿರಲಿಲ್ಲ. ಒಳಗೆ ಬಂದ ಯಾರಾದರೂ ಅದನ್ನು ಪಡೆದು, ಅದರಲ್ಲಿ ಹೇಳಿದ ಹೊತ್ತಿಗೆ ಬಂದರೆ ದೀರ್ಘವಾದ ಸಾಲಿಲ್ಲದೆ ಒಳಹೋಗಬಹುದಾಗಿದ್ದಿತು. 2021ರ ಅಕ್ಟೋಬರಿನಲ್ಲಿ ಅಲ್ಲಿ ಅದರ ಸ್ಥಾನಕ್ಕೆ ಫೋನಿನ ಮೂಲಕ ಹಣ ತೆತ್ತು ಕೊಳ್ಳುವ ಪದ್ಧತಿಯು ಬಂದಿತು. ಎಲ್ಲರಿಗೂ ಸಲ್ಲುತ್ತಿದ್ದುದು ಕೊಂಡವರಿಗೆ ಮಾತ್ರ ಸಲ್ಲತೊಡಗಿತು. ಬಿಡದಿಯ ಉದ್ಯಾನದಲ್ಲಿಯೂ ಸಾಮಾನ್ಯ ಟಿಕೆಟಿಗಿಂತ ಹೆಚ್ಚು ಬೆಲೆಯ ಫಾಸ್ಟ್‌ಟ್ರ್ಯಾಕ್ ಟಿಕೆಟು ಉಂಟು. ಇದು ಗುಟ್ಟಾದುದೇನೂ ಅಲ್ಲ, ಪ್ರಕಟವಾದ ಬೆಲೆಗೆ ಮಾರುವ ಸೌಕರ್ಯ. ಲೋಕದ ಬಹುಮಟ್ಟಿನ ದೊಡ್ಡ ಉದ್ಯಾನಗಳ ರೂಢಿಯೂ ಹೌದು. ಆದುದರಿಂದ ಯಾವ ಒಂದು ಉದ್ಯಾನವನ್ನೂ ನಿಂದಿಸುವುದು ಪ್ರಯೋಜನವಿಲ್ಲದ ಕೆಲಸ. ರೂಢಿಯನ್ನೇ ಪರೀಕ್ಷಿಸತಕ್ಕದ್ದು.

ಒಂದು ಲೆಕ್ಕವನ್ನು ಊಹಿಸಬಹುದು. ಒಂದು ಬಂಡಿಯಲ್ಲಿ 24 ಜನರು ಕೂರಬಹುದು. ಗಂಟೆಗೆ 30 ಸಲ ಅದು ಓಡುತ್ತದೆ. ಹಾಗಾದರೆ ಗಂಟೆಯೊಂದಕ್ಕೆ 720 ಜನರು ಆ ಸುಖವನ್ನು ಪಡೆಯುತ್ತಾರೆ. ತನ್ನ ಮುಂದೆ 720 ಜನರಿರುವವನು ಸರಿಯಾಗಿ ಒಂದು ಗಂಟೆ ಕಾಯಬೇಕು. ಈಗ ಗಂಟೆಗೆ 180 ಸ್ಥಾನಗಳನ್ನು ಹೆಚ್ಚು ಹಣ ಕೊಟ್ಟವರಿಗೆ ಮೀಸಲಿಟ್ಟರೆ ಸಾಮಾನ್ಯ ಸಾಲಿಗೆ ಉಳಿಯುವುದು 540. ಅದೇ ಮನುಷ್ಯನು ಅದೇ ಸ್ಥಳದಲ್ಲಿ ನಿಂತು ಈಗ 80 ನಿಮಿಷ ಕಾಯಬೇಕಾಗುತ್ತದೆ. ಹೆಚ್ಚಾದ 20 ನಿಮಿಷಗಳು ಎಲ್ಲಿಂದ ಬಂದುವು? ಬಂಡಿಯು ನಿಧಾನವಾಗಲಿಲ್ಲ, ಜನರೂ ಹೆಚ್ಚಲಿಲ್ಲ. ಆ 20 ನಿಮಿಷಗಳನ್ನು ಅವನಿಂದ ತೆಗೆದು ಇನ್ನೊಬ್ಬನಿಗೆ ಮಾರಲಾಯಿತು. ಮಾರಿದವನು ಉದ್ಯಾನದ ಒಡೆಯನು, ಕೊಂಡವನು ಧನಿಕನು, ವಸ್ತುವನ್ನು ಕಳೆದುಕೊಂಡವನು ಸಾಲಿನಲ್ಲಿದ್ದವನು. ಅವನ ಕೈಗೆ ಕಾಸೂ ಬರಲಿಲ್ಲ. ಅವನ ಅನುಮತಿಯನ್ನು ಯಾರೂ ಕೇಳಲೂ ಇಲ್ಲ.

ರೈಲಿನ ದೃಷ್ಟಾಂತವು ಇಲ್ಲಿ ಸಲ್ಲದೆ ಹೋಗುವುದು ಇದರಿಂದಲೇ. ಮೊದಲನೆಯ ತರಗತಿಯವನು ಮೆತ್ತನೆಯ ಆಸನದಲ್ಲಿ ಕುಳಿತುದರಿಂದ ಎರಡನೆಯ ತರಗತಿಯವನು ತಡವಾಗಿ ಊರು ಸೇರುವುದಿಲ್ಲ. ಇಬ್ಬರನ್ನೂ ಎಳೆಯುವ ಎಂಜಿನು ಒಂದೇ. ಸರದಿಯಾದರೋ ಒಬ್ಬನು ಮುಂದೆ ಹೋದರೆ ಇನ್ನೊಬ್ಬನು ಹಿಂದುಳಿದೇ ತೀರಬೇಕಾದ ವಸ್ತು. ತಿರುಮಲೆಯ ಮಾತಾದರೆ, ಒಂದು ಕಡೆಯಲ್ಲಿ ರೂಢಿಯಾದುದು ಇನ್ನೊಂದು ಕಡೆಯಲ್ಲಿ ನ್ಯಾಯವೆಂದು ಸಾಧಿಸುವುದಕ್ಕೆ ಪ್ರಮಾಣವಾಗಲಾರದು. ದೇವಾಲಯಗಳ ಹಣದ ಸಾಲುಗಳ ವಿಷಯದಲ್ಲಿಯೇ ಆಸ್ತಿಕರಲ್ಲಿ ಅನೇಕರಿಗೆ ಮನಸ್ಸಿನಲ್ಲಿ ಮುಳ್ಳಿರುವುದನ್ನು ಎಲ್ಲರೂ ಬಲ್ಲರು. ಇನ್ನು ಅಂಗವಿಕಲರು, ಗರ್ಭಿಣಿಯರು, ವೃದ್ಧರು ಮುಂದೆ ಹೋಗುವುದು ಬೇರೆಯ ಸಂಗತಿ. ಜಾತ್ರೆಯ ನೂಕುನುಗ್ಗಲಿನಲ್ಲಿಯೂ “ಅಜ್ಜಿಗೆ ದಾರಿ ಬಿಡಿ” ಎಂದರೆ ಜನರು ತಾವಾಗಿಯೇ ಸರಿಯುತ್ತಾರೆ. ಅಲ್ಲಿ ಸಮಯವನ್ನು ಕಳೆದುಕೊಳ್ಳುವವರು ಅದನ್ನು ತಾವೇ ದಾನಮಾಡುತ್ತಾರೆ. ಯಾರಿಗೆ, ಏಕೆ ಕೊಡುತ್ತಿರುವರೆಂಬುದು ಅವರ ಕಣ್ಣಿಗೆ ಕಾಣುತ್ತದೆ. ಅವಶ್ಯಕತೆಗೆ ದಾರಿ ಬಿಡುವುದು ಸಾಲಿನ ಧರ್ಮವನ್ನು ಕೆಡಿಸುವುದಿಲ್ಲ, ಪೂರ್ಣಮಾಡುತ್ತದೆ. ಯಂತ್ರವು ಈ ಕೆಲಸದಲ್ಲಿ ನೆರವಾದರೆ ಅದು ಶ್ಲಾಘ್ಯವೇ.

ಹಣವು ಆಟದ ಬಯಲಿಗೆ ಬಂದುದು ಹೊಸತೇನೂ ಅಲ್ಲವೆಂಬ ಆಕ್ಷೇಪವನ್ನೂ ಒಪ್ಪಬೇಕು. ಜಾತ್ರೆಯ ತೊಟ್ಟಿಲಿಗೂ ಕಾಸು ಕೊಡಬೇಕಾಗಿದ್ದಿತು. ಡಿಸ್ನಿಲ್ಯಾಂಡಿನಲ್ಲಿಯೂ ಬಹುಕಾಲ, 1982ರವರೆಗೆ, ಒಂದೊಂದು ಆಟಕ್ಕೂ ಬೇರೆಬೇರೆ ಚೀಟಿಗಳಿದ್ದುವು. ಕಾಸಿಲ್ಲದ ಬಾಲಕನು ತೊಟ್ಟಿಲಿನ ಕೆಳಗೆ ನಿಂತು ಮೇಲೆ ನೋಡುತ್ತಿದ್ದುದೂ ನಿಜ. ಆದರೆ ಅವನು ಎಲ್ಲರಿಗೂ ಕಾಣುವಂತೆ ನಿಂತಿರುತ್ತಿದ್ದನು. ಎಷ್ಟೋ ಸಲ ತೊಟ್ಟಿಲಿನವನೋ ನೆಂಟನೋ ಅವನನ್ನು ಎತ್ತಿ ಕೂರಿಸುತ್ತಿದ್ದನು. ಡಿಜಿಟಲ್ ವಿದ್ಯೆಯು ತಂದಿರುವ ಹೊಸತನವು ಹಣದಲ್ಲಿಲ್ಲ, ಮರೆಯಲ್ಲಿದೆ. ಹಿಂದೆ ಒಬ್ಬನು ಸಾಲನ್ನು ಮುರಿದು ನುಗ್ಗಿದರೆ ನೂರು ಜನರು ನೋಡುತ್ತಿದ್ದರು; ಅವನಿಗೆ ನಾಚಿಕೆಯಾಗುತ್ತಿದ್ದಿತು; “ಹಿಂದೆ ಬನ್ನಿ ಸ್ವಾಮಿ” ಎನ್ನುವವನೊಬ್ಬನಿರುತ್ತಿದ್ದನು. ಈಗ ಫೋನಿನಲ್ಲಿ ಒಂದು ಸಂಖ್ಯೆಯು 60 ಇದ್ದುದು 80 ಆಗುತ್ತದೆ, ಅಷ್ಟೆ. ಮುಂದೆ ಹೋದವನ ಮುಖವು ಹಿಂದುಳಿದವನಿಗೆ ಕಾಣದು. ಹಿಂದುಳಿದವನ ಮುಖವು ಮುಂದೆ ಹೋದವನಿಗೂ ಕಾಣದು. ನಾಚಿಕೆಗೂ ಅವಕಾಶವಿಲ್ಲ, ಔದಾರ್ಯಕ್ಕೂ ಅವಕಾಶವಿಲ್ಲ. ಕಣ್ಣಿನ ಕನ್ನಡಕವು ಪಕ್ಕದವನ ವಿಸ್ಮಯವನ್ನು ಮರೆಮಾಡಿದಂತೆ, ಕಾಣದ ಸಾಲು ಪಕ್ಕದವನ ಕಾಯುವಿಕೆಯನ್ನು ಮರೆಮಾಡುತ್ತದೆ. ಎರಡು ಪರಿವರ್ತನೆಗಳ ಮೂಲವೂ ಹೀಗೆ ಒಂದೇ.

ಸಮರಾಂಗಣಸೂತ್ರಧಾರದ ಯಂತ್ರಾಧ್ಯಾಯದಲ್ಲಿ ಗ್ರಂಥಕಾರನು, ಯಂತ್ರಗಳ ಜೋಡಣೆಯನ್ನು ತಾನು ಪೂರ್ತಿಯಾಗಿ ಹೇಳದಿರುವುದು ಅಜ್ಞಾನದಿಂದಲ್ಲ, ಗೋಪ್ಯಕ್ಕಾಗಿ ಎಂಬ ಅಭಿಪ್ರಾಯವನ್ನು ತಿಳಿಸಿದ್ದಾನೆ. ಇದು ಉಚಿತವೇ. ಬೊಂಬೆಯ ಒಳಗಿನ ಹಲ್ಲುಚಕ್ರವು ಕಂಡರೆ ವಿಸ್ಮಯವು ಹೋಗುತ್ತದೆ. ಯಂತ್ರದ ಗುಟ್ಟನ್ನು ಮರೆಮಾಡುವ ಅಧಿಕಾರವು ಆಟವಾಡಿಸುವವನಿಗೆ ಉಂಟು. ಆದರೆ ಆಟಕ್ಕೆ ಯಾರು ಮೊದಲು, ಯಾರು ಆಮೇಲೆ ಎಂಬ ನಿಯಮವನ್ನು ಮರೆಮಾಡುವ ಅಧಿಕಾರವು ಅವನಿಗಿಲ್ಲ. ಮೊದಲನೆಯದು ಮಾಯೆ, ಎರಡನೆಯದು ವಂಚನೆಗೆ ನೆರೆಮನೆ.

ಇಲ್ಲಿ ಇನ್ನೊಂದು ಪ್ರಶ್ನೆ ಹುಟ್ಟಬಹುದು. ಒಬ್ಬರನ್ನೊಬ್ಬರು ಕಾಣದಿರುವುದು ಎಲ್ಲೆಡೆಯೂ ಕೆಟ್ಟದ್ದೆ? ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿದವರು ಹಾಗೆನ್ನಲಾರರು. ಅಲ್ಲಿ ಬಂದಿರುವ ಇ-ಹರಾಜಿನ ಪದ್ಧತಿಯಲ್ಲಿ ರೀಲರುಗಳು ತಮ್ಮತಮ್ಮ ಮೊಬೈಲಿನಲ್ಲಿ ಬೆಲೆಯನ್ನು ಸೂಚಿಸುತ್ತಾರೆ. ಎದುರಾಎದುರು ಕೂಗುವಾಗ ಮುಖ ನೋಡಿ ಬೆಲೆ ಕಟ್ಟುವ ಅಭ್ಯಾಸಕ್ಕೂ, ಕೊಳ್ಳುವವರು ಒಳಗೊಳಗೆ ಮಾತಾಡಿಕೊಳ್ಳುವುದಕ್ಕೂ ಅದರಿಂದ ತಡೆಯುಂಟಾಗುತ್ತದೆ. ಗೂಡು ತಂದ ರೈತನಿಗೆ ಆ ಮರೆಯೇ ರಕ್ಷೆ. ಮಾರುಕಟ್ಟೆಯಲ್ಲಿ ದಾಕ್ಷಿಣ್ಯವು ದೋಷವಾಗಬಹುದು, ಏಕೆಂದರೆ ಅಲ್ಲಿ ಜನರು ಸೇರುವುದು ಲಾಭಕ್ಕಾಗಿ. ಆಟದ ಬಯಲಿನಲ್ಲಿ ಜನರು ಸೇರುವುದು ಜೊತೆಗಾಗಿ. ಅಲ್ಲಿ ದಾಕ್ಷಿಣ್ಯವೇ ಪ್ರಾಣ. ಮಾರುಕಟ್ಟೆಗೆ ಗುಣವಾದ ಮರೆಯನ್ನು ಆಟದ ಬಯಲಿಗೆ ತಂದರೆ ಆಟದ ಬಯಲೂ ಮಾರುಕಟ್ಟೆಯಾಗುತ್ತದೆ. ಹೊಸ ಉಪಕರಣವೊಂದು ಬಂದಾಗ ಒಳ್ಳೆಯದೋ ಕೆಟ್ಟದೋ ಎಂದು ಬರಿದೆ ಕೇಳುವ ಬದಲು, ಯಾವ ಸ್ಥಳದಲ್ಲಿ, ಯಾವ ಉದ್ದೇಶಕ್ಕೆ ಎಂದು ಕೇಳಬೇಕೆಂಬುದು ಇದರಿಂದ ತಿಳಿಯುತ್ತದೆ.

ಈ ತತ್ತ್ವವನ್ನು ಒಂದು ಉದಾಹರಣೆಯಲ್ಲಿ ಇಳಿಸಿ ನೋಡಬಹುದು. ಚಿಂತಾಮಣಿಯ ಕಡೆಯ ಒಂದು ಶಾಲೆಯಿಂದ 40 ಮಕ್ಕಳು ಪ್ರವಾಸಕ್ಕೆ ಹೊರಟರೆಂದು ಭಾವಿಸಬಹುದು. ಅವರಲ್ಲಿ ಐವರ ತಂದೆತಾಯಿಗಳು ಹೆಚ್ಚು ಹಣ ಕೊಟ್ಟು ಬೇಗನೆ ಹೋಗುವ ಟಿಕೆಟನ್ನು ಕೊಳ್ಳಲು ಸಿದ್ಧರಾಗಿದ್ದಾರೆ. ಅವರ ಹಣ ಅವರದು. ಮಕ್ಕಳ ಮೇಲಣ ಪ್ರೀತಿಯೂ ಸಹಜವಾದುದು. ಉಪಾಧ್ಯಾಯನು ಏನು ಮಾಡತಕ್ಕದ್ದು? ಒಪ್ಪಿದರೆ, ಬಸ್ಸಿನಲ್ಲಿ ಒಂದೇ ಹಾಡನ್ನು ಹಾಡಿಕೊಂಡು ಬಂದ ಮಕ್ಕಳು ಬಾಗಿಲಿನಲ್ಲಿ ಎರಡು ಜಾತಿಗಳಾಗುತ್ತಾರೆ. ಐವರು ಮಧ್ಯಾಹ್ನದೊಳಗೆ ಎಲ್ಲವನ್ನೂ ಮುಗಿಸಿ, ಮಾತಾಡಲು ಜೊತೆಯಿಲ್ಲದೆ ಬೆಂಚಿನ ಮೇಲೆ ಕುಳಿತಿರುತ್ತಾರೆ. ಮೂವತ್ತೈದು ಮಕ್ಕಳು, ತಮ್ಮ ಗೆಳೆಯರು ಬೇರೆ ಬಾಗಿಲಿನಿಂದ ಒಳಹೋದುದನ್ನು ನೋಡುತ್ತಾ, ಪುಸ್ತಕದಲ್ಲಿ ಓದಿದ ಸಮಾನತೆಯ ಪಾಠಕ್ಕೆ ಒಂದು ವಿರುದ್ಧವಾದ ಉದಾಹರಣೆಯನ್ನು ಕಲಿಯುತ್ತಾರೆ. ಆ ಪಾಠವನ್ನು ಯಾವ ಉಪಾಧ್ಯಾಯನೂ ಕರಿಹಲಗೆಯ ಮೇಲೆ ಬರೆಯಲಾರನು. ಬರೆದುದನ್ನು ಅಳಿಸಲೂ ಆರನು. ಆದುದರಿಂದ ‘ಬಂದರೆ ಎಲ್ಲರೂ ಒಂದೇ ಟಿಕೆಟು’ ಎಂದು ಅವನು ಹೇಳಿದರೆ ಐವರ ಸುಖಕ್ಕೆ ಅಡ್ಡಿಬಂದನೆಂದು ಆಕ್ಷೇಪಿಸುವುದು ಸರಿಯಲ್ಲ. ನಲವತ್ತು ಮಂದಿಯ ಸುಖವನ್ನು ಕಾಪಾಡಿದನೆಂದು ತಿಳಿಯಬೇಕು. ಆ ಮಕ್ಕಳಲ್ಲಿ ಕಾಲಿಗೆ ಬಲವಿಲ್ಲದವನೊಬ್ಬನಿದ್ದು, ಅವನನ್ನು ಮುಂದೆ ಕಳುಹಿಸಲು ಉಳಿದವರೆಲ್ಲ ಒಪ್ಪಿದರೆ, ಪ್ರವಾಸದ ಅತ್ಯುತ್ತಮ ಪಾಠವು ಆ ಸಾಲಿನಲ್ಲಿಯೇ ನಡೆದಂತಾಯಿತು.

ಮಕ್ಕಳ ಸಂಬಂಧವಾಗಿಯೇ ಇನ್ನೊಂದು ಮಾತು. ಒಬ್ಬೊಬ್ಬರ ರುಚಿಗೆ ತಕ್ಕಂತೆ ಬಡಿಸಬೇಕಾದರೆ ಯಂತ್ರವು ಒಬ್ಬೊಬ್ಬರನ್ನೂ ಗುರುತಿಟ್ಟು ನೋಡುತ್ತಿರಬೇಕಾಗುತ್ತದೆ: ಈ ಮಗುವು ಎಲ್ಲಿ ನಿಂತಿತು, ಯಾವುದಕ್ಕೆ ಹಠಮಾಡಿತು, ಏನನ್ನು ತಿಂದಿತು. ತಾಯಿಗೆ ಇವೆಲ್ಲ ತಿಳಿದಿರುವುದು ವಾತ್ಸಲ್ಯದಿಂದ. ವ್ಯಾಪಾರಿಗೆ ತಿಳಿದರೆ ಅದರ ಪ್ರಯೋಜನ ಬೇರೆ. ಭಾರತದ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿ, ಹದಿನೆಂಟು ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯನ್ನು ಪಡೆಯಬೇಕೆಂದೂ, ಅವರ ನಡೆನುಡಿಗಳನ್ನು ಬೆನ್ನಟ್ಟಿ ನೋಡಕೂಡದೆಂದೂ ವಿಧಿಸಿರುವುದು ಈ ಭೇದವನ್ನು ಬಲ್ಲವರ ಕೆಲಸ. ಆದರೆ ಒಪ್ಪಿಗೆಯನ್ನು ಕೊಡುವವರು ತಂದೆತಾಯಿಗಳೇ ಆದುದರಿಂದ, ಏನನ್ನು ಒಪ್ಪುತ್ತಿರುವೆವೆಂದು ಅವರು ಓದಿ ತಿಳಿಯದಿದ್ದರೆ ಕಾಯಿದೆಯು ಅರ್ಧ ಕಾವಲುಗಾರನಾಗಿಯೇ ಉಳಿಯುತ್ತದೆ.

ಹಾಗಾದರೆ ಸಿದ್ಧಾಂತವೇನು? ಹೊಸ ವಿದ್ಯೆಯನ್ನು ವಿನೋದೋದ್ಯಾನದಿಂದ ಹೊರಹಾಕುವುದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ಅದನ್ನು ಅಳೆಯಲು ಒಂದು ಮಾನದಂಡವು ಬೇಕು: ಈ ಉಪಕರಣದಿಂದ ಬಂದವರು ಒಬ್ಬರಿಗೊಬ್ಬರು ಹೆಚ್ಚಾಗಿ ಕಾಣುವರೋ, ಮರೆಯಾಗುವರೋ? ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಬೆಳಕು, ತಪ್ಪಿಹೋದ ಮಗುವನ್ನು ತಾಯಿಯ ಕೈಗೆ ಸೇರಿಸುವ ಪಟ್ಟಿ, ನಿಲ್ಲಲಾರದವನಿಗೆ ನೆರಳಿನಲ್ಲಿ ಸರದಿಯನ್ನು ಕಾದಿರಿಸುವ ಫೋನು, ಇವು ಮೊದಲನೆಯ ಪಂಕ್ತಿಗೆ ಸೇರಿದುವು. ಅವುಗಳನ್ನು ಸ್ವಾಗತಿಸತಕ್ಕದ್ದು. ಇನ್ನೊಬ್ಬನ ಹೊತ್ತನ್ನು ಅವನಿಗೆ ತಿಳಿಯದಂತೆ ಮಾರುವ ಲೆಕ್ಕವು ಎರಡನೆಯದಕ್ಕೆ ಸೇರಿದುದು. ಅದನ್ನು ಬಿಡಲಾರದ ಒಡೆಯನು, ಗಂಟೆಗೆ ಎಷ್ಟು ಸ್ಥಾನಗಳು ಯಾವ ಸಾಲಿಗೆ ಸಲ್ಲುತ್ತವೆಂಬುದನ್ನಾದರೂ ಬಾಗಿಲಿನಲ್ಲಿ ಹಲಗೆಯ ಮೇಲೆ ಬರೆದಿಡಲಿ. ಬಂದವರು ನೋಡಿ ತೀರ್ಮಾನಿಸಿಕೊಳ್ಳುವರು. ಯಾವ ವ್ಯವಸ್ಥೆಯನ್ನು ಹಲಗೆಯ ಮೇಲೆ ಬರೆಯಲು ನಾಚಿಕೆಯಾಗುವುದೋ ಅದನ್ನು ಕಂಪ್ಯೂಟರಿನ ಒಳಗೆ ಬರೆಯುವುದೂ ಉಚಿತವಲ್ಲ.

ದೇವತೆಗಳು ಬ್ರಹ್ಮನನ್ನು ಆಟದ ವಸ್ತುವೊಂದನ್ನು ಕೊಡೆಂದು ಬೇಡಿದಾಗ ಒಬ್ಬೊಬ್ಬನೂ ತನಗೊಂದು ಬೇರೆ ಆಟಿಕೆಯನ್ನು ಕೇಳಲಿಲ್ಲ. ಎಲ್ಲರೂ ಕೂಡಿ, ಎಲ್ಲರಿಗೂ ಸೇರಿ, ಒಂದನ್ನು ಕೇಳಿದರು. ಉಪಾಧ್ಯಾಯರೂ ತಂದೆತಾಯಿಗಳೂ ಮುಂದಿನ ಪ್ರವಾಸಕ್ಕೆ ಹಣವನ್ನು ಕಟ್ಟುವ ಮೊದಲು ಆ ಬೇಡಿಕೆಯನ್ನು ಒಮ್ಮೆ ನೆನೆದುಕೊಂಡರೆ, ಮಕ್ಕಳು ಹಿಂದಿರುಗುವಾಗ ಬಸ್ಸಿನಲ್ಲಿ ಎಲ್ಲರೂ ಮಾತಾಡಿಕೊಳ್ಳಲು ಒಂದೇ ಕಥೆಯಿರುತ್ತದೆ.